ನದಿಯಿಲ್ಲದ ರಾಜಧಾನಿಯಲ್ಲಿ ಸೈಕಲ್ ಸುತ್ತು

ಬಸವಕಲ್ಯಾಣದ ಕೆರೆಯಂಚಿನಲ್ಲಿ ಅರ್ಧ ದಿನ, ಹುಮನಾಬಾದಿನ ಸಂಗಮದಲ್ಲಿ ಒಂದು ಸಂಜೆ

ರಾಜಧಾನಿಯೆಂದರೆ ಹರಿಯುವ ನೀರಿನ ದಡದಲ್ಲಿರತಕ್ಕದ್ದೆಂಬುದು ಹಿಂದಿನವರ ಲೆಕ್ಕಾಚಾರ. ಬನವಾಸಿಗೆ ವರದೆ ಇದ್ದಳು, ತಲಕಾಡಿಗೆ ಕಾವೇರಿ ಇದ್ದಳು, ವಿಜಯನಗರಕ್ಕೆ ತುಂಗಭದ್ರೆ ಇದ್ದಳು. ರಾಷ್ಟ್ರಕೂಟರ ಮಾನ್ಯಖೇಟವೂ ಕಾಗಿಣಾ ನದಿಯ ಮಗ್ಗುಲಲ್ಲಿಯೇ ಬೆಳೆಯಿತು. ಆದರೆ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಆ ಮಾನ್ಯಖೇಟವನ್ನು ಬಿಟ್ಟು, ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲದ ಎತ್ತರದ ಬಯಲಿಗೆ ತನ್ನ ಸಿಂಹಾಸನವನ್ನು ಸಾಗಿಸಿದನು. ಆ ಊರೇ ಕಲ್ಯಾಣ; ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ.

ನದಿಯಂಚಿನ ಊರುಗಳಲ್ಲಿ ಸೈಕಲ್ ಹತ್ತಿ ದಡದಗುಂಟ ಸುತ್ತಿ ಬರುವುದು ಹಲವು ದೇಶಗಳಲ್ಲಿ ಇಂದು ಜನಪ್ರಿಯವಾದ ವಿನೋದ. ಏರು ಇಳಿತ ಕಡಿಮೆ, ಕಣ್ಣಿಗೆ ತಂಪು, ದಾರಿ ತಪ್ಪುವ ಭಯವಿಲ್ಲ. ನದಿಯೇ ಇಲ್ಲದ ಕಲ್ಯಾಣದಲ್ಲಿಯೂ ಇಂಥದೊಂದು ಸುತ್ತು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯವೆಂದೇ ಉತ್ತರಿಸಬೇಕಾಗುತ್ತದೆ. ಅಲ್ಲಿ ನದಿಯ ಬದಲು ಕೆರೆಯುಂಟು. ಆ ಕೆರೆಯ ಆಸುಪಾಸಿನಲ್ಲಿ ಎಂಟುನೂರೈವತ್ತು ವರುಷಗಳ ಹಿಂದೆ ನಡೆದುಹೋದ ಸಂಗತಿಗಳು ಕನ್ನಡ ನಾಡಿನ ಅಂತಃಕರಣವನ್ನು ಇಂದಿಗೂ ಕಲಕುತ್ತವೆ.

ಎರಡು ಮಹಾನದಿಗಳ ನಡುವಣ ದಿಬ್ಬ

ಕಲ್ಯಾಣಕ್ಕೆ ನದಿ ಏಕಿಲ್ಲವೆಂಬುದನ್ನು ಮೊದಲು ತಿಳಿದರೆ ಸುತ್ತಾಟದ ಸವಿ ಹೆಚ್ಚುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ಈ ಸೀಮೆ ಗೋದಾವರಿ, ಕೃಷ್ಣಾ ಎಂಬ ಎರಡು ಮಹಾನದಿಗಳ ನೀರನ್ನು ಬೇರ್ಪಡಿಸುವ ದಿಬ್ಬದ ಮೇಲಿದೆ. ಇದೇ ತಾಲೂಕಿನ ಚುಳುಕಿ ನಾಲೆಯ ನೀರು ಮಾಂಜರಾ ನದಿಯನ್ನು ಸೇರಿ ಗೋದಾವರಿಯ ಪಾಲಾಗುತ್ತದೆ. ಮುಲ್ಲಾಮಾರಿಯ ನೀರಾದರೋ ದಕ್ಷಿಣಕ್ಕೆ ಹರಿದು ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ರಾಜಮಹೇಂದ್ರಿಯ ದಾರಿ ಹಿಡಿದರೆ, ಇನ್ನೊಂದು ವಿಜಯವಾಡದ ದಾರಿ ಹಿಡಿಯುತ್ತದೆ.

ಹೀಗೆ ನೀರೆಲ್ಲ ಇಬ್ಬದಿಗೂ ಇಳಿದುಹೋಗುವ ನೆಲದಲ್ಲಿ ಬದುಕಬೇಕಾದವರು ಮಳೆಯನ್ನು ಬಿದ್ದಲ್ಲಿಯೇ ಹಿಡಿದಿಡುವುದನ್ನು ಕಲಿಯಲೇಬೇಕು. ಕಟ್ಟೆ ಕಟ್ಟಿ ಕೆರೆ ಮಾಡಬೇಕು, ನೆಲ ಅಗೆದು ಬಾವಿ ಹೊಂಡಗಳನ್ನು ತೋಡಬೇಕು. ಸಾಮ್ರಾಜ್ಯವೊಂದರ ರಾಜಧಾನಿ ಇಲ್ಲಿ ತಲೆಮಾರುಗಳ ಕಾಲ ನಿಂತಿತೆಂದರೆ, ಆ ಕೀರ್ತಿಯಲ್ಲಿ ಅರಸರಷ್ಟೇ ಪಾಲು ಕೆರೆ ತೋಡಿದ ಒಡ್ಡರಿಗೂ ಮಣ್ಣು ಹೊತ್ತ ಆಳುಗಳಿಗೂ ಸಲ್ಲತಕ್ಕದ್ದು.

ಹೊರಡುವ ಮುನ್ನ

ಈ ಸುತ್ತಿಗೆ ಬೆಲೆಬಾಳುವ ಸೈಕಲ್ ಬೇಕಿಲ್ಲ. ಹಾಲಿನವನು, ಗಾರೆಯವನು, ಶಾಲೆಯ ಹುಡುಗ ತುಳಿಯುವ ಸಾದಾ ಸೈಕಲ್ಲೇ ಸಾಕು. ಹಿಂದೊಮ್ಮೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಸಣ್ಣ ಊರುಗಳಲ್ಲಿಯೂ ಇರುತ್ತಿತ್ತು. ಮೋಟಾರು ಬೈಕುಗಳು ಬಂದಮೇಲೆ ಅವು ವಿರಳವಾದವು. ಆದುದರಿಂದ ಪರಿಚಿತರ ಸೈಕಲ್ಲನ್ನು ಎರವಲು ಪಡೆಯುವುದೇ ಸುಲಭವಾದ ಉಪಾಯ. ಚೈನಿಗೆ ಒಂದೆರಡು ಹನಿ ಎಣ್ಣೆ, ಚಕ್ರಗಳಿಗೆ ಬಿಗಿಯಾದ ಗಾಳಿ, ಹ್ಯಾಂಡಲಿಗೆ ನೇತುಹಾಕಿದ ನೀರಿನ ಬಾಟಲಿ, ಕ್ಯಾರಿಯರಿನ ಮೇಲೆ ಬುತ್ತಿಯ ಗಂಟು: ಇಷ್ಟಾದರೆ ಸಿದ್ಧತೆ ಮುಗಿಯಿತು.

ಕಾಲ ಮಾತ್ರ ನೋಡಿ ಹೊರಡಬೇಕು. ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಬಿಸಿಲು ಹೊಸಬರಿಗೆ ತಡೆಯಲಾಗದು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ನವರಾತ್ರಿಯಿಂದ ಶಿವರಾತ್ರಿಯವರೆಗಿನ ದಿನಗಳೇ ಉತ್ತಮ. ಅದರಲ್ಲಿಯೂ ಎಳ್ಳು ಅಮಾವಾಸ್ಯೆಯ ಸುಮಾರಿಗೆ ಬಂದವನು ಭಾಗ್ಯವಂತ. ಆ ದಿನ ಈ ಭಾಗದ ಮನೆಮನೆಯವರೂ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ಕಡಬು, ಭಜ್ಜಿ, ಅಂಬಲಿಗಳ ಊಟವನ್ನು ಹಂಚಿಕೊಂಡು ಉಣ್ಣುತ್ತಾರೆ. ದಾರಿಹೋಕನನ್ನು ಕಂಡರೆ "ಬರ್ರಿ, ಒಂದು ತುತ್ತು ಉಂಡು ಹೋಗ್ರಿ" ಎಂದು ಕರೆಯದೆ ಬಿಡುವವರಲ್ಲ.

ಕೋಟೆಯ ಬಾಗಿಲಿನಿಂದ

ಸುತ್ತನ್ನು ಎಲ್ಲಿಂದ ಆರಂಭಿಸಿದರೂ ಬಾಧಕವಿಲ್ಲ. ಆದರೂ ಬಿಸಿಲೇರುವ ಮೊದಲು ಕೋಟೆಯನ್ನು ನೋಡಿಕೊಂಡು, ಊರೊಳಗಿನ ಓಣಿಗಳನ್ನು ಹಾಯ್ದು, ಬಳಿಕ ಕೆರೆಯ ಕಡೆಗೆ ಹೊರಳುವುದು ಉಚಿತ. ಕೋಟೆಯೊಳಗೆ ಸೈಕಲ್ಲಿಗೆ ಕೆಲಸವಿಲ್ಲ; ಅದನ್ನು ಹೊರಗೆ ನಿಲ್ಲಿಸಿ ಕಾಲ್ನಡಿಗೆಯಿಂದಲೇ ಒಳಗೆ ಹೋಗಬೇಕು.

ಈ ಕೋಟೆಯ ಗೋಡೆಗಳಲ್ಲಿ ಹಲವು ರಾಜ್ಯಗಳ ಕೈವಾಡವಿದೆ. ಚಾಲುಕ್ಯರ ತರುವಾಯ ಬಹಮನಿ ಸುಲ್ತಾನರು, ಬಿಜಾಪುರದವರು ಇದನ್ನು ಆಳಿದರು. 1657ರಲ್ಲಿ ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬನು ಬೀದರವನ್ನು ಗೆದ್ದ ಬೆನ್ನಿಗೇ ಇಲ್ಲಿಗೆ ಮುತ್ತಿಗೆ ಹಾಕಿ ಕೋಟೆಯನ್ನು ವಶಪಡಿಸಿಕೊಂಡನು. ಆಮೇಲೆ ನಿಜಾಮರ ಆಳಿಕೆಯಲ್ಲಿ ಇದು ಕಲ್ಯಾಣಿಯ ನವಾಬರ ಜಾಗೀರಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ ಸೀಮೆಯ ಕನ್ನಡ ಭಾಗ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಜನರ ಬಾಯಲ್ಲಿ ಕಲ್ಯಾಣಿಯಾಗಿದ್ದ ಊರು ಬಸವಣ್ಣನವರ ಹೆಸರನ್ನು ಮುಂದಿಟ್ಟುಕೊಂಡು ಬಸವಕಲ್ಯಾಣವಾಯಿತು.

ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಶಿಲ್ಪಗಳನ್ನು ಇಟ್ಟಿದ್ದಾರೆ. ಅವುಗಳೆದುರು ನಿಂತಾಗ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಐವತ್ತು ವರುಷ ಆಳಿದ್ದು ಇಲ್ಲಿಂದ. ಕಾಶ್ಮೀರದ ಕವಿ ಬಿಲ್ಹಣನು ಅವನ ಚರಿತೆಯನ್ನು ಕಾವ್ಯವಾಗಿಸಿದ್ದು ಇಲ್ಲಿ. ಇಂದಿಗೂ ಹಿಂದೂ ದಾಯಭಾಗದ ಚರ್ಚೆಯಲ್ಲಿ ಹೆಸರಿಸಲ್ಪಡುವ 'ಮಿತಾಕ್ಷರಾ' ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಇಲ್ಲಿ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವೂ ಈ ನೆಲದ ಫಲವೇ. ಆದರೆ ಆ ಅರಸರ ಅರಮನೆಗಳನ್ನು ಹುಡುಕಿದರೆ ಕಣ್ಣಿಗೆ ಬೀಳುವುದು ತರುವಾಯದವರ ಮಹಲುಗಳು. ಚಾಲುಕ್ಯ ವೈಭವವನ್ನು ಗ್ರಂಥಗಳಲ್ಲಿ ಓದಬಹುದು, ಗೋಡೆಗಳಲ್ಲಿ ಕಾಣಲಾಗದು.

ಬಂದವರ ಓಣಿ

ಕೋಟೆಯಿಂದ ಊರೊಳಗೆ ತಿರುಗಿದರೆ ಓಣಿಗಳು ಇಕ್ಕಟ್ಟು. ಇಲ್ಲಿ ಬೆಲ್ಲು ಬಾರಿಸಿ ಅವಸರಪಡಿಸುವವನಿಗಿಂತ ಇಳಿದು ನೂಕಿಕೊಂಡು ನಡೆಯುವವನೇ ಜಾಣ. ಕಿವಿಗೆ ಕನ್ನಡದ ಜತೆಗೆ ದಖನಿ ಉರ್ದು, ಮರಾಠಿಗಳೂ ಬೀಳುತ್ತವೆ. ಊರ ನಡುವೆ ಬಸವೇಶ್ವರ ದೇವಾಲಯವಿದೆ. ಅಲ್ಲಿಂದ ವಿಚಾರಿಸಿಕೊಂಡು ಹೋದರೆ 'ಬಂದವರ ಓಣಿ' ಎಂಬ ಕೇರಿ ಸಿಕ್ಕುತ್ತದೆ. 'ಅರಿವಿನ ಮನೆ' ಇರುವುದು ಇಲ್ಲಿಯೇ.

ಎಂಥ ಹೆಸರು! ಬಿಜ್ಜಳನ ಆಳಿಕೆಯಲ್ಲಿ ಬಸವಣ್ಣನವರು ಮಂತ್ರಿಯಾಗಿದ್ದಾಗ ದೇಶದ ಮೂಲೆಮೂಲೆಗಳಿಂದ ಜನ ಕಲ್ಯಾಣಕ್ಕೆ ನಡೆದು ಬಂದರೆಂದು ಶರಣರ ಕಥೆಗಳು ಹೇಳುತ್ತವೆ. ಸೊನ್ನಲಿಗೆಯಿಂದ, ಅಂದರೆ ಇಂದಿನ ಸೊಲ್ಲಾಪುರದಿಂದ, ಕೆರೆ ಕಟ್ಟಿಸುವುದೇ ಶಿವಪೂಜೆಯೆಂದು ನಂಬಿದ್ದ ಸಿದ್ಧರಾಮನು ಅಲ್ಲಮಪ್ರಭುವಿನೊಡನೆ ಬಂದನು. ಉಡುತಡಿಯಿಂದ ಅಕ್ಕಮಹಾದೇವಿ ಬಂದಳು. ಕಾಶ್ಮೀರದ ಅರಸೊಬ್ಬನು ರಾಜ್ಯವನ್ನು ತೊರೆದು ಬಂದು, ಕಟ್ಟಿಗೆ ಹೊರೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ಪ್ರತೀತಿ. ಕಾಶ್ಮೀರದಿಂದ ಮೊದಲು ಬಂದ ಬಿಲ್ಹಣನು ಅರಮನೆಯ ಬಾಗಿಲನ್ನು ಕೇಳಿಕೊಂಡು ಬಂದನು. ಆಮೇಲೆ ಬಂದ ಮಾರಯ್ಯನು ಬಡವರ ಒಲೆಗೆ ಸೌದೆ ಹೊತ್ತನು. ಎರಡು ತಲೆಮಾರುಗಳಲ್ಲಿ ಕಲ್ಯಾಣವು ಎಷ್ಟು ಬದಲಾಯಿತೆಂಬುದಕ್ಕೆ ಇದಕ್ಕಿಂತ ಸುಲಭವಾದ ಅಳತೆಗೋಲು ಬೇಕಿಲ್ಲ.

ಕೆರೆಯಂಚಿನ ಕಾಯಕದವರು

ಈಗ ಸುತ್ತಿನ ಮುಖ್ಯ ಭಾಗಕ್ಕೆ ಬಂದೆವು. ತ್ರಿಪುರಾಂತ ಕೆರೆ ಊರಿಗೆ ತಗುಲಿಕೊಂಡೇ ಇದೆ. ತ್ರಿಪುರಾಂತಕನೆಂದರೆ ಶಿವ, ಕೆರೆಗೂ ಸುತ್ತಣ ಬಡಾವಣೆಗೂ ಅವನದೇ ಹೆಸರು. ಓಣಿಗಳ ಸೆಕೆಯಿಂದ ಬಿಡುಗಡೆಗೊಂಡು ನೀರಿನ ಮೇಲಣ ಗಾಳಿಗೆ ಮುಖವೊಡ್ಡಿ ಪೆಡಲು ತುಳಿಯುವಾಗ, ಕಾಲಿಗೆ ಶ್ರಮವೇ ತಿಳಿಯುವುದಿಲ್ಲ. ಅವಸರಪಡಲೂ ಬಾರದು. ಏಕೆಂದರೆ ಕೆರೆಯ ಬಳಿಯಲ್ಲಿಯೂ ಊರಂಚಿನಲ್ಲಿಯೂ ಇರುವ ಗವಿಗಳನ್ನು, ಹೊಂಡಗಳನ್ನು ಜನ ಒಬ್ಬೊಬ್ಬ ಶರಣರ ಹೆಸರಿನಿಂದ ಗುರುತಿಸಿ ಕಾಪಾಡಿಕೊಂಡು ಬಂದಿದ್ದಾರೆ.

ಬಸವಣ್ಣನವರ ಸೋದರಿ, ಚೆನ್ನಬಸವಣ್ಣನ ತಾಯಿ ಅಕ್ಕನಾಗಮ್ಮನ ಗವಿ ಒಂದು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಗವಿ ಇನ್ನೊಂದು. ಬಟ್ಟೆ ಮಡಿಮಾಡುತ್ತಿದ್ದ ಮಾಚಿದೇವನ ಹೊಂಡವಿದೆ. ಉರಿಲಿಂಗಪೆದ್ದಿಯ ಮಠವಿದೆ. ಗವಿಯೊಳಗೆ ಬಗ್ಗಿ ಇಳಿದರೆ ಹೊರಗಿನ ಬಿಸಿಲು, ಸದ್ದು ಎರಡೂ ಒಮ್ಮೆಗೇ ಅಡಗುತ್ತವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಹೊತ್ತು ಕಾಯಬೇಕು.

ಚಂದಯ್ಯನ ಕಥೆ ಕೆರೆಯಂಚಿನಲ್ಲಿ ನೆನೆಯಲು ತಕ್ಕುದು. ಹಗ್ಗಕ್ಕೆಂದು ಕೆರೆಯ ಹುಲ್ಲನ್ನು ಕೊಯ್ಯುತ್ತಿರುವಾಗ ಅವನ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತಂತೆ. ಅವನು ಅದನ್ನು ಹುಡುಕಲಿಲ್ಲ. ಹುಲ್ಲಿನ ಹೊರೆ ಹೊತ್ತು ಕೆಲಸಕ್ಕೆ ನಡೆದನು. ಲಿಂಗವೇ ಅವನ ಬೆನ್ನು ಹತ್ತಿ ಬಂದಿತು. ಕೈಬಿಟ್ಟು ಹೋದುದು ಮತ್ತೆ ಬೇಡವೆಂದು ಚಂದಯ್ಯ ಹಟ ಹಿಡಿದನು. ಕೊನೆಗೆ ಮಾಚಿದೇವನು ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ದೇವರಾದರೂ ಸರಿಯೆ, ದುಡಿಯದೆ ಉಣ್ಣಲಾಗದೆಂಬ ನಿಲುವು ಈ ಕಥೆಯ ತಿರುಳು.

ಇವೆಲ್ಲಕ್ಕಿಂತ ನೋಡುವವನನ್ನು ಯೋಚನೆಗೆ ಹಚ್ಚುವುದು ಅಂಬಿಗರ ಚೌಡಯ್ಯನ ಗವಿ. ಹೊಳೆಯಿಲ್ಲದ ಊರಿನಲ್ಲಿ ಅಂಬಿಗನಿಗೇನು ಕೆಲಸ? ಚೌಡಯ್ಯನ ದೋಣಿ ಇದ್ದುದು ತುಂಗಭದ್ರೆಯ ದಂಡೆಯಲ್ಲಿ. ಹಾವೇರಿ ಜಿಲ್ಲೆಯ ಚೌಡದಾನಪುರ ಅವನ ಹೆಸರನ್ನೇ ಹೊತ್ತಿದೆ. ಅಂಥವನು ಹರಿಗೋಲನ್ನು ದಡಕ್ಕೆ ಕಟ್ಟಿ, ನೀರಿಲ್ಲದ ಈ ದಿಬ್ಬಕ್ಕೆ ನಡೆದು ಬಂದನೆಂದರೆ ಅವನನ್ನು ಸೆಳೆದುದು ಹೊಟ್ಟೆಪಾಡಲ್ಲ. ತನ್ನ ಕಸುಬಿನ ಹೆಸರನ್ನು ತನ್ನ ವಚನಗಳ ಅಂಕಿತವನ್ನಾಗಿಯೇ ಮಾಡಿಕೊಂಡ ನೇರನುಡಿಯ ಮನುಷ್ಯ ಅವನು. ಹುಟ್ಟಿದ ಕುಲವನ್ನು ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡು ಮಾತು ಕೇಳುವ ಜನ ಇಲ್ಲಿದ್ದರು. ಅವನು ಬಂದುದು ಅದಕ್ಕಾಗಿ.

ಮದುವೆಯೊಂದರ ಬೆಲೆ

ಆ ಪಂಕ್ತಿ ಬಹುಕಾಲ ಉಳಿಯಲಿಲ್ಲ. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಇಬ್ಬರೂ ಲಿಂಗವಂತರಾದಮೇಲೆ ಕುಲದ ಮಾತೆಲ್ಲಿಯದು ಎಂಬುದು ಅವರ ವಾದ. ವರ್ಣಸಂಕರವಾಯಿತೆಂದು ಸಂಪ್ರದಾಯಸ್ಥರು ಅರಸನ ಬಳಿ ದೂರಿದರು. ಬಿಜ್ಜಳನು ಹರಳಯ್ಯ, ಮಧುವರಸರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಕಥನಗಳು ಹೇಳುತ್ತವೆ. 1167ರ ಸುಮಾರಿಗೆ ಬಿಜ್ಜಳನೂ ಕೊಲೆಯಾದನು. ಬಸವಣ್ಣನವರು ಅದಕ್ಕೂ ಮೊದಲೇ ಕೂಡಲಸಂಗಮಕ್ಕೆ ಹೊರಟುಹೋಗಿದ್ದರು. ಚೆನ್ನಬಸವಣ್ಣನ ಮುಂದಾಳುತನದಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು, ಸೈನ್ಯದಿಂದ ತಪ್ಪಿಸಿಕೊಳ್ಳುತ್ತ ದಟ್ಟಡವಿಯ ಉಳವಿಗೆ ಹೋದರು.

ಸೈಕಲ್ಲಿನ ಮೇಲೆ ಈ ಓಣಿಗಳಲ್ಲಿ ತಿರುಗುವಾಗ ಇದು ಮನಸ್ಸಿಗೆ ಇಳಿಯುವ ಬಗೆಯೇ ಬೇರೆ. ಮೋಟಾರಿನಲ್ಲಿ ಬಂದವನಿಗೆ ಕಲ್ಯಾಣವು ಐದಾರು 'ನೋಡತಕ್ಕ ಸ್ಥಳ'ಗಳ ಪಟ್ಟಿ. ನೆಲಕ್ಕೆ ಹತ್ತಿರವಾಗಿ ಹೋಗುವ ಸವಾರನಿಗೆ ಅರಮನೆಯ ನೆಲೆಗೂ ಚಮ್ಮಾರನ ಕೇರಿಗೂ ನಡುವಣ ದೂರ ಎಷ್ಟು ಕಿರಿದೆಂದು ಕಾಲಿನ ಲೆಕ್ಕದಲ್ಲಿಯೇ ತಿಳಿಯುತ್ತದೆ. ಅಷ್ಟು ಕಿರಿದಾದ ದೂರವನ್ನು ದಾಟಲು ಎರಡು ತಲೆಗಳನ್ನು ಕೊಡಬೇಕಾಯಿತು.

ಮಂಟಪ, ಹಳೆಯದು ಮತ್ತು ಹೊಸದು

ಅಲ್ಲಮನು ಶೂನ್ಯಸಿಂಹಾಸನದಲ್ಲಿ ಕುಳಿತು, ಸುತ್ತಲೂ ಶರಣ ಶರಣೆಯರು ಚರ್ಚಿಸುತ್ತಿದ್ದರೆಂಬ ಅನುಭವ ಮಂಟಪದ ನೆನಪಿಗಾಗಿ ಇಲ್ಲಿ ಕಟ್ಟಡವೊಂದನ್ನು ಎಬ್ಬಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗೆ ಅನುಕೂಲವಿಲ್ಲದಾಗ, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಧೀರರು ಅವರು. ಈ ಗಡಿನಾಡಿನಲ್ಲಿ ಇಂದು ಅಂಗಡಿಯ ಹಲಗೆಗಳ ಮೇಲೆ ಕನ್ನಡ ಕಾಣುತ್ತಿದ್ದರೆ ಅದರ ಹಿಂದೆ ಅಂಥವರ ಉಪಾಯವೂ ಉಪವಾಸವೂ ಇವೆ.

ಈಚೆಗೆ ಇನ್ನೊಂದು ಮಹಾಮಂಟಪದ ಸಂಕಲ್ಪವಾಯಿತು. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲಿಟ್ಟರು. 770 ಅಮರಗಣಂಗಳ ಸ್ಮರಣೆಗೆ 770 ಕಂಬಗಳೆಂಬುದು ಅದರ ಯೋಜನೆ. ಊರಿನಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆಯೂ ಇದ್ದು, ಸವಾರನಿಗೆ ದಿಕ್ಕು ತೋರುವ ಗುರುತಾಗಿ ನೆರವಾಗುತ್ತದೆ.

ಇನ್ನೂ ಕಾಲಲ್ಲಿ ಕಸುವಿದ್ದವರು ಊರಿಗೆ ಸಮೀಪದ ನಾರಾಯಣಪುರಕ್ಕೆ ಹೋಗಿ ಬರಬಹುದು. ಚಾಲುಕ್ಯರ ಕಾಲದ ಶಿವಾಲಯವೊಂದು ಅಲ್ಲಿದೆ. ಕಲ್ಯಾಣದಲ್ಲಿ ಕಾಣದೆಹೋದ ಚಾಲುಕ್ಯರ ಉಳಿ ಅಲ್ಲಿಯ ಕಲ್ಲುಗಳ ಮೇಲೆ ಕಾಣಸಿಗುತ್ತದೆ.

ಹುಮನಾಬಾದಿನ ಸಂಗಮ

ಹರಿಯುವ ನೀರನ್ನೇ ನೋಡಬೇಕೆನ್ನುವವರು ಹುಮನಾಬಾದಿಗೆ ಹೋಗಬೇಕು. ಆದರೆ ಎರಡು ಊರುಗಳ ನಡುವಣ ಮೂವತ್ತು ಚಿಲ್ಲರೆ ಕಿಲೋಮೀಟರನ್ನು ಸೈಕಲ್ಲಿನ ಮೇಲೆ ಕ್ರಮಿಸುವ ಸಾಹಸ ಬೇಡ. ಸಸ್ತಾಪುರ ಬಂಗ್ಲಾ ದಾಟಿ ಸಿಕ್ಕುವುದು ಪುಣೆ ಹೈದರಾಬಾದುಗಳನ್ನು ಕೂಡಿಸುವ 65ನೆಯ ರಾಷ್ಟ್ರೀಯ ಹೆದ್ದಾರಿ. ಲಾರಿಗಳ ರಭಸಕ್ಕೆ ಅಲ್ಲಿ ಕೊನೆಯಿಲ್ಲ. ಬಸ್ಸೇ ಕ್ಷೇಮ. ದೂರದಿಂದ ಬರುವವರಿಗೆ 2017ರ ಅಕ್ಟೋಬರಿನಲ್ಲಿ ಆರಂಭವಾದ ಬೀದರ ಕಲಬುರಗಿ ರೈಲು ಮಾರ್ಗದಲ್ಲಿ ಹುಮನಾಬಾದು ನಿಲ್ದಾಣವೂ ಉಂಟು.

ಇಲ್ಲಿಯ ಸುತ್ತು ಚಿಕ್ಕದು, ಒಂದು ಸಂಜೆಗೆ ಸಾಕಾಗುವಂಥದು. ಜಾತ್ರೆಗೆ ಹೆಸರಾದ ವೀರಭದ್ರೇಶ್ವರ ದೇವಾಲಯದಿಂದ ಹೊರಟು ಊರಿಗೆ ಹೊಂದಿಕೊಂಡ ಮಾಣಿಕನಗರವನ್ನು ಕಂಡು, ಬೇರೊಂದು ದಾರಿಯಿಂದ ತಿರುಗಿ ಬರಬಹುದು. ವಿರಜಾ, ಗುರುಗಂಗಾ ಎಂಬ ಎರಡು ಹಳ್ಳಗಳು ಕೂಡುವಲ್ಲಿ ಮಾಣಿಕಪ್ರಭುಗಳ ಸಂಸ್ಥಾನ ನೆಲೆಸಿದೆ.

ಪ್ರಭುಗಳು 1817ರಲ್ಲಿ ಜನಿಸಿದುದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ಬಾಲ್ಯವನ್ನು ಕಳೆದುದು ಕಲ್ಯಾಣದಲ್ಲಿ. 1865ರಲ್ಲಿ ಸಮಾಧಿಸ್ಥರಾದುದು ಇಲ್ಲಿ. ಮತಗಳೆಲ್ಲವೂ ಸತ್ಯದ ಕಡೆಗೆ ಕರೆದೊಯ್ಯುವ ದಾರಿಗಳೆಂಬ ಅವರ ಬೋಧೆಗೆ ಸಕಲಮತ ಸಂಪ್ರದಾಯವೆಂದು ಹೆಸರು. ಅವರು ಪದಗಳನ್ನು ಕಟ್ಟಿದುದೂ ಒಂದೇ ಭಾಷೆಯಲ್ಲಲ್ಲ. ಮರಾಠಿ, ಹಿಂದಿ, ಕನ್ನಡ, ಸಂಸ್ಕೃತಗಳಲ್ಲಿ. ದತ್ತ ಭಕ್ತರು, ಲಿಂಗವಂತರು, ಮುಸಲ್ಮಾನರು ತಂತಮ್ಮ ಭಾವದಂತೆ ಅವರನ್ನು ಕಂಡುಕೊಂಡರು. ದತ್ತಜಯಂತಿಯ ದಿನಗಳಲ್ಲಿ ಇಲ್ಲಿ ನಡೆಯುವ ಉತ್ಸವಕ್ಕೆ ಸಂಗೀತದ ಸೊಬಗೂ ಕೂಡುತ್ತದೆ. ಕಲ್ಯಾಣದ ಓಣಿಗಳಲ್ಲಿ ಆಡಿ ಬೆಳೆದ ಬಾಲಕನ ಕಿವಿಗೆ ಬಿದ್ದ ಹಲವು ಭಾಷೆಗಳು ಹಾಡಾಗಿ ಹರಿದುಬಂದುದನ್ನು ಎರಡೂ ಊರುಗಳನ್ನು ಸುತ್ತಿದವನು ಚೆನ್ನಾಗಿ ಬಲ್ಲ.

ಮರುದಿನವೂ ಬಿಡುವಿದ್ದವರಿಗೆ ಹತ್ತು ಕಿಲೋಮೀಟರ ಆಸುಪಾಸಿನಲ್ಲಿ ಜಲಸಂಗಿ ಇದೆ. ಅಲ್ಲಿಯ ದೇವಾಲಯದ ಹೊರಗೋಡೆಯ ಮೇಲೆ ಸುಂದರಿಯೊಬ್ಬಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಬೇಲೂರಿನ ಮದನಿಕೆಯರಿಗೆ ಈಕೆಯನ್ನು ಹಿರಿಯಕ್ಕನೆಂದು ಕಲಾವಿದರು ಭಾವಿಸುವುದುಂಟು.

ಕೆರೆ ಉಳಿದರೆ

ಬಸವಕಲ್ಯಾಣಕ್ಕೆ ಯಾತ್ರಿಕರು ಹೆಚ್ಚುತ್ತಿದ್ದಾರೆ, ಹೊಸ ಕಟ್ಟಡಗಳೂ ಏಳುತ್ತಿವೆ. ಇದು ಸಂತೋಷದ ವಿಷಯವೇ. ಆದರೆ ದಿಬ್ಬದ ಮೇಲಣ ಊರಿನ ಕೆರೆ ಬಲು ಸೂಕ್ಷ್ಮವಾದ ವಸ್ತು. ನದಿಗೆ ಮೇಲಿನಿಂದ ಹೊಸ ನೀರು ಬಂದು ಕೊಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ಕೆರೆಗೆ ಆ ಭಾಗ್ಯವಿಲ್ಲ. ಅದಕ್ಕೆ ನೀರು ತರುವ ಕಾಲುವೆಯ ಬಾಯಿಗೆ ಒಂದು ಗೋಡೆ ಎದ್ದರೂ, ಊರಿನ ಗಟಾರವೊಂದು ಅದರತ್ತ ತಿರುಗಿದರೂ ಸಾಕು, ಕೆಲವೇ ವರುಷಗಳಲ್ಲಿ ಅದು ಹೂಳಾಗುತ್ತದೆ. ಮಾಚಿದೇವನ ಹೊಂಡವಾಗಲಿ ತ್ರಿಪುರಾಂತ ಕೆರೆಯಾಗಲಿ ನೀರಿದ್ದಾಗ ಮಾತ್ರ ಆ ಹೆಸರಿಗೆ ಅರ್ಥ.

ಮಂಟಪಕ್ಕೆ ಬರುವ ಯಾತ್ರಿಕರಿಗಾಗಿ ಕೆರೆಯ ಅಂಚಿನಲ್ಲಿ ಮೋಟಾರುಗಳಿಲ್ಲದ, ನೆರಳಿನ ಒಂದು ಸೈಕಲ್ ದಾರಿ, ಅದರ ಮಗ್ಗುಲಲ್ಲಿ ಸ್ಥಳೀಯ ಯುವಕರು ನಡೆಸುವ ಬಾಡಿಗೆ ಸೈಕಲ್ ಅಂಗಡಿ: ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ದಿನವೂ ನೂರಾರು ಕಣ್ಣುಗಳು ಸುತ್ತುವ ಕೆರೆಗೆ ಕಸ ಸುರಿಯಲು ಯಾರಿಗಾದರೂ ಅಳುಕು ಉಂಟಾದೀತು. ಪುರಸಭೆಗಳು ಹೊಸ ಕೆರೆಗಳನ್ನು ತೋಡದಿದ್ದರೂ ಹಿಂದಿನವರು ತೋಡಿಕೊಟ್ಟುದನ್ನು ಕಾಪಾಡಬಲ್ಲವು.

ಸವಾರಿ ಮುಗಿದಮೇಲೆ ಬುತ್ತಿ ಬಿಚ್ಚಲು ಕೆರೆಯ ದಂಡೆಗಿಂತ ಒಳ್ಳೆಯ ತಾಣವಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಈರುಳ್ಳಿ ಇದ್ದರೆ ಸಾಕು. ಉಂಡಾದಮೇಲೆ ಕಾಗದದ ಚೂರನ್ನೂ ಬಿಡದೆ ಗಂಟಿನಲ್ಲಿ ಕಟ್ಟಿಕೊಂಡು ಹಿಂದಿರುಗುವುದು ಪ್ರತಿಯೊಬ್ಬ ಸವಾರನ ಮೊದಲ ಕಾಯಕವಾಗಲಿ.